ಕಣ್ಣ ಕೆಳಗಿನ ಗುಳಿ ತುಂಬುವ ಫಿಲ್ಲರ್: ಸೂಜಿಯಲ್ಲೋ, ಕ್ಯಾನ್ಯುಲಾದಲ್ಲೋ?

ಬೆಣ್ಣೆದೋಸೆ_ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ನನಗೆ 36 ವರ್ಷ, ಬ್ಯಾಂಕಿನಲ್ಲಿ ಕ್ಯಾಷ್ ಕೌಂಟರ್ ಕೆಲಸ. ದಿನಕ್ಕೆ ಒಬ್ಬರಾದರೂ "ಯಾಕೆ ಮೇಡಂ, ಹುಷಾರಿಲ್ವಾ? ನಿದ್ದೆ ಆಗಿಲ್ವಾ?" ಅಂತ ಕೇಳುತ್ತಾರೆ. ನಿದ್ದೆ ಚೆನ್ನಾಗಿಯೇ ಆಗಿರುತ್ತದೆ. ಕಣ್ಣಿನ ಒಳಮೂಲೆಯಿಂದ ಕೆನ್ನೆಯ ಕಡೆಗೆ ಓರೆಯಾಗಿ ಒಂದು ಗುಳಿ ಇಳಿದಿದೆ. ಅದರಿಂದ ಮುಖ ಯಾವಾಗಲೂ ಸೋತ ಹಾಗೆ ಕಾಣುತ್ತದೆ. ನಮ್ಮಮ್ಮನಿಗೂ ಹೀಗೇ ಇದೆ, ಅಜ್ಜಿಗೂ ಇತ್ತು. ಸೌತೆಕಾಯಿ, ಬಾದಾಮಿ ಎಣ್ಣೆ, ಮೆಡಿಕಲ್ ಶಾಪಿನ ಕ್ರೀಮು ಎಲ್ಲ ನೋಡಿ ಮುಗಿಸಿದ್ದೇನೆ.

ಈಗ ಫಿಲ್ಲರ್, ಅಂದರೆ ಗುಳಿ ತುಂಬುವ ಜೆಲ್ಲಿನ ಇಂಜೆಕ್ಷನ್, ಹಾಕಿಸಿಕೊಳ್ಳೋಣ ಅಂತ ಎರಡು ಕಡೆ ವಿಚಾರಿಸಿ ಬಂದೆ. ಒಂದು ಕಡೆ, "ಸಣ್ಣ ಸೂಜಿಯಲ್ಲಿ ನೇರವಾಗಿ ಮೂಳೆಯ ಮೇಲೆ ಇಡುತ್ತೇವೆ, ಹತ್ತು ನಿಮಿಷದ ಕೆಲಸ" ಅಂದರು. ಇನ್ನೊಂದು ಕಡೆ, "ಸೂಜಿ ಬೇಡವೇ ಬೇಡ, ಕೆನ್ನೆಯಲ್ಲಿ ಒಂದೇ ತೂತು ಮಾಡಿ ಕ್ಯಾನ್ಯುಲಾ, ಅಂದರೆ ಮೊಂಡು ತುದಿಯ ಕೊಳವೆ, ಹಾಕುತ್ತೇವೆ" ಅಂದರು. ಒಬ್ಬರು 26,000 ಹೇಳಿದರು, ಇನ್ನೊಬ್ಬರು 32,000. ದುಡ್ಡಿನ ವ್ಯತ್ಯಾಸ ನನಗೆ ದೊಡ್ಡದಲ್ಲ. ಕಣ್ಣಿನ ಪಕ್ಕದ ಜಾಗ ಅಂತ ಭಯ. ಯಾವುದು ಸರಿ? ಮಾಡಿಸಿಕೊಂಡವರು, ಮಾಡುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ನೀಲಿಗೆರೆ:

ಅಕ್ಕಾ, ನನ್ನದೊಂದು ಅನುಭವ ಹೇಳುತ್ತೇನೆ. ಎರಡು ವರ್ಷದ ಹಿಂದೆ, ತಮ್ಮನ ಮದುವೆಗೆ ಮೂರು ವಾರ ಮುಂಚೆ ಮಾಡಿಸಿಕೊಂಡೆ. ಎಲ್ಲಿ ಅಂತ ಬರೆಯುವುದಿಲ್ಲ. ಸೂಜಿಯಲ್ಲೇ ಹಾಕಿದರು, ಒಂದೊಂದು ಕಣ್ಣಿಗೆ ಆರೇಳು ಚುಚ್ಚು. ಇಡೀ 1 ಎಂಎಲ್ ಸಿರಿಂಜನ್ನು ಒಂದೇ ದಿನ ಖಾಲಿ ಮಾಡಿದರು, "ಉಳಿಸಿದರೆ ವೇಸ್ಟ್ ಅಲ್ವಾ" ಅಂತ.

ಮೊದಲ ವಾರ ಎರಡೂ ಕಡೆ ಕಪ್ಪಾಗಿ ಕಂದಿತ್ತು. ಕಂದಿದ್ದು ಹೋದ ಮೇಲೆ ಇನ್ನೊಂದು ಬಣ್ಣ ಉಳಿಯಿತು. ಬಲಗಣ್ಣಿನ ಕೆಳಗೆ ಒಂದು ನೀಲಿ ಗೆರೆ, ಚರ್ಮದ ಒಳಗೆ ಯಾರೋ ಶಾಯಿ ಎಳೆದ ಹಾಗೆ. ಬೆರಳಿಟ್ಟರೆ ಅಕ್ಕಿಕಾಳಿನಷ್ಟು ಉಬ್ಬು ಸಿಗುತ್ತಿತ್ತು. ಧಾರೆಯ ಫೋಟೋಗಳಲ್ಲಿ ಅರಿಶಿನ ಹಚ್ಚಿದ ಮುಖದ ಮೇಲೆ ಆ ನೀಲಿ ಇನ್ನೂ ಎದ್ದು ಕಾಣುತ್ತದೆ. ಆ ಆಲ್ಬಮ್ ತೆರೆಯುವುದಕ್ಕೆ ಇವತ್ತಿಗೂ ನನಗೆ ಸಂಕಟ.

ಆಮೇಲೆ ಬೇರೆ ಡಾಕ್ಟರ ಹತ್ತಿರ ಹೋಗಿ ಕರಗಿಸಿಕೊಂಡೆ. ಕರಗಿಸುವ ಇಂಜೆಕ್ಷನ್ ಹಾಕಿದ ದಿನ ಚೆನ್ನಾಗಿ ಊದಿತ್ತು. ಮೂರನೇ ದಿನಕ್ಕೆ ನೀಲಿ ಹೋಯಿತು. ಗುಳಿ ವಾಪಸ್ ಬಂತು. ಆದರೂ ಸಮಾಧಾನ. ನನ್ನ ಮಟ್ಟಿಗೆ ಸೂಜಿ ಅಂದರೆ ಬೇಡ.

ಚರ್ಮವೈದ್ಯೆ_ಮೈಸೂರು:

ನೀಲಿಗೆರೆಯವರೇ, ನಿಮಗೆ ಆಗಿದ್ದು ಓದಿ ಬೇಸರವಾಯಿತು. ಆದರೆ ಅದರಲ್ಲಿ ತಪ್ಪು ಸೂಜಿಯದ್ದು ಮಾತ್ರ ಅಲ್ಲ. ಜೆಲ್ ಎಷ್ಟು ಆಳದಲ್ಲಿ ಕೂತಿತು, ಎಷ್ಟು ಹಾಕಿದರು ಅನ್ನುವುದರಲ್ಲೂ ಇದೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ಮುಖ ನೋಡದೆ ಯಾರಿಗೂ "ನಿಮಗೆ ಇದು ಮಾಡಿಸಿ" ಅಂತ ಹೇಳಲಾರೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಆ ಗುಳಿ ಯಾಕೆ ಆಗುತ್ತದೆ? ಕಣ್ಣು ಮುಚ್ಚುವ ಸ್ನಾಯು ಕಣ್ಣಿನ ಸುತ್ತ ಉಂಗುರದ ಹಾಗೆ ಹಬ್ಬಿದೆ. ಒಳಮೂಲೆಯಿಂದ ಸುಮಾರು ಕಣ್ಣಪಾಪೆಯ ನೇರದವರೆಗೆ, ಕೆಳಗಿನ ಮೂಳೆಯಿಂದ ಹೊರಟ ಒಂದು ಗಟ್ಟಿ ಲಿಗಮೆಂಟ್ (ನಾರಿನ ಪಟ್ಟಿ) ಆ ಸ್ನಾಯುವನ್ನು ದಾಟಿ ಚರ್ಮವನ್ನು ಹಿಡಿದುಕೊಂಡಿದೆ. 2012ರಲ್ಲಿ ಶವಗಳನ್ನು ಬಿಡಿಸಿ ನೋಡಿ ಇದನ್ನು ಸ್ಪಷ್ಟವಾಗಿ ವಿವರಿಸಿದರು. ಹತ್ತಿ ಹಾಸಿಗೆಗೆ ಅಲ್ಲಲ್ಲಿ ಹೊಲಿಗೆ ಹಾಕಿ ಎಳೆದರೆ ಆ ಜಾಗ ಒಳಗೆ ಹೋಗುತ್ತದೆ ನೋಡಿ, ಹಾಗೆ. ವಯಸ್ಸಾದಂತೆ ಮೇಲಿನ ಕೊಬ್ಬು ಉಬ್ಬುತ್ತದೆ, ಕೆಳಗೆ ಕೆನ್ನೆಯ ಕೊಬ್ಬು ಇಳಿಯುತ್ತದೆ. ಹೊಲಿಗೆ ಮಾತ್ರ ಅಲ್ಲೇ ಇರುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಇರುತ್ತದೆ, ಬೆಣ್ಣೆದೋಸೆಯವರ ಮನೆಯಲ್ಲಿ ಇರುವ ಹಾಗೆ.

ಆ ಜಾಗದ ಚರ್ಮ ತುಂಬ ತೆಳು, ಅರ್ಧ ಮಿಲಿಮೀಟರ್ ಆಸುಪಾಸು. ಅದರಡಿಗೆ ಕೊಬ್ಬೇ ಇಲ್ಲ ಅನ್ನಬಹುದು, ನೇರವಾಗಿ ಸ್ನಾಯು. ನಾವು ಬಳಸುವುದು ಹೈಲುರಾನಿಕ್ ಆಮ್ಲದ ತಿಳಿ ಜೆಲ್. ಅದು ಚರ್ಮದ ಹತ್ತಿರ ಕೂತರೆ ಒಳಗೆ ಹೋದ ಬೆಳಕು ಚದುರಿ ನೀಲಿಯಾಗಿ ಕಾಣುತ್ತದೆ. ಇದಕ್ಕೆ ಟಿಂಡಾಲ್ ಪರಿಣಾಮ ಅಂತ ಹೆಸರು. ಊದಿನಕಡ್ಡಿಯ ಹೊಗೆ ಕಪ್ಪು ಗೋಡೆಯ ಎದುರು ನೀಲಿಯಾಗಿ ಕಾಣುವುದು ಇದೇ ಕಾರಣಕ್ಕೆ. ಹಾಗಾಗಿ ಜೆಲ್ ಸ್ನಾಯುವಿನ ಕೆಳಗೆ, ಮೂಳೆಗೆ ಅಂಟಿದ ಪೊರೆಯ ಮೇಲೆ ಇರಬೇಕು. ಸೂಜಿ ಹಿಡಿದವರಿಗೂ ಕ್ಯಾನ್ಯುಲಾ ಹಿಡಿದವರಿಗೂ ಗುರಿ ಒಂದೇ, ದಾರಿ ಬೇರೆ.

ಸೂಜಿಯಾದರೆ 30ನೇ ಗೇಜಿನದು, ತುದಿ ಚೂಪು. ಚರ್ಮದಿಂದ ನೇರ ಮೂಳೆಗೆ. ಕ್ಯಾನ್ಯುಲಾ ಅಂದರೆ ತುದಿ ಮೊಂಡಾದ, ಬಾಗುವ ಉದ್ದ ಕೊಳವೆ. ರಂಧ್ರ ತುದಿಯಲ್ಲಿಲ್ಲ, ಸ್ವಲ್ಪ ಪಕ್ಕಕ್ಕೆ ಇರುತ್ತದೆ. ಕೆನ್ನೆಯ ಮೇಲೆ ಬೇರೆ ಸೂಜಿಯಲ್ಲಿ ಒಂದು ತೂತು ಮಾಡಿ ಒಳಗೆ ಬಿಟ್ಟು ಗುಳಿಯವರೆಗೆ ಸರಿಸುತ್ತೇವೆ. ಗೇಜ್ ಸಂಖ್ಯೆ ಜಾಸ್ತಿಯಾದಷ್ಟು ದಪ್ಪ ಕಡಿಮೆ. 25ನೇ ಗೇಜ್ ಸುಮಾರು ಅರ್ಧ ಮಿಲಿಮೀಟರ್ ದಪ್ಪ, 30ನೆಯದು ಸುಮಾರು 0.3.

ನಾನು ಹೆಚ್ಚಾಗಿ 25ನೇ ಗೇಜಿನ ಕ್ಯಾನ್ಯುಲಾ ಹಿಡಿಯುತ್ತೇನೆ. ಕಾರಣ ರಕ್ತನಾಳಗಳು, ಜೆಲ್ ಒಳಗೆ ಹೋದರೆ ಅವು ಕಟ್ಟಿಕೊಳ್ಳುತ್ತವೆ. ಒಳಮೂಲೆಯಲ್ಲಿ ಮೂಗಿನ ಪಕ್ಕ ಆಂಗ್ಯುಲರ್ ಅಪಧಮನಿ, ಅಭಿಧಮನಿ ಎರಡೂ ಹಾದುಹೋಗುತ್ತವೆ. ಪಾಪೆಯ ನೇರದಲ್ಲಿ, ಮೂಳೆಯ ಅಂಚಿನಿಂದ ಕೆಳಗೆ ಒಂದು ಸೆಂಟಿಮೀಟರಿನೊಳಗೇ, ಇನ್ಫ್ರಾಆರ್ಬಿಟಲ್ ನಾಳ ಮತ್ತು ನರ ಹೊರಬರುವ ತೂತಿದೆ. ಮೊಂಡು ತುದಿ ನಾಳವನ್ನು ಪಕ್ಕಕ್ಕೆ ತಳ್ಳಿ ಮುಂದೆ ಹೋಗುವ ಸಾಧ್ಯತೆ ಜಾಸ್ತಿ.

ಧಾರವಾಡ_ಪೇಢಾ:

ಡಾಕ್ಟ್ರೇ, ಗಂಡಸರೂ ಕೇಳಬಹುದಲ್ವಾ? ನನಗೆ 41. ಕಣ್ಣಿನ ಕೆಳಗೆ ಕಪ್ಪು, ಜೊತೆಗೆ ಬೆಳಗ್ಗೆ ಎದ್ದಾಗ ಚೀಲದ ಹಾಗೆ ಊದಿರುತ್ತದೆ. ಸಂಜೆಗೆ ಇಳಿಯುತ್ತದೆ. ಒಂದು ಕಡೆ ವಿಚಾರಿಸಿದ್ದಕ್ಕೆ "ಫಿಲ್ಲರ್ ಹಾಕಿದರೆ ಎಲ್ಲ ಸಮವಾಗುತ್ತದೆ" ಅಂದರು. ನಿಜವಾ?

ಚರ್ಮವೈದ್ಯೆ_ಮೈಸೂರು:

ಖಂಡಿತ ಕೇಳಬಹುದು. ನೀವು ಹೇಳಿದ ಲಕ್ಷಣ ನೋಡಿದರೆ ನಾನು ಫಿಲ್ಲರಿಗೆ ಆತುರ ಪಡುವುದಿಲ್ಲ. ಈ ಜೆಲ್ ನೀರು ಹೀರುವ ವಸ್ತು. ಬೆಳಗ್ಗೆ ಊದುವ ಜಾಗಕ್ಕೆ ಅದನ್ನು ಹಾಕಿದರೆ ಊತ ಇನ್ನೂ ಹೆಚ್ಚಾಗಿ, ಸಂಜೆಗೂ ಇಳಿಯದೆ ನಿಲ್ಲಬಹುದು. ಮೊದಲು ಥೈರಾಯ್ಡ್, ಅಲರ್ಜಿ, ಸೈನಸ್ ನೋಡಿಸಿ. ಉಪ್ಪು ಎಷ್ಟು ತಿನ್ನುತ್ತೀರಿ ಅಂತಲೂ ನೋಡಿಕೊಳ್ಳಿ. ದಿನವಿಡೀ ಇಳಿಯದ ಚೀಲವಾದರೆ ಅದು ಮುಂದೆ ಬಂದ ಕೊಬ್ಬು. ಅದಕ್ಕೆ ರೆಪ್ಪೆಯ ಶಸ್ತ್ರಚಿಕಿತ್ಸೆ ಇದೆ.

ಕಪ್ಪಿನ ವಿಷಯಕ್ಕೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಕನ್ನಡಿ ಹಿಡಿದು ಕಿಟಕಿಯ ಎದುರು ಕೂತು ಮುಖವನ್ನು ನಿಧಾನವಾಗಿ ಮೇಲಕ್ಕೆತ್ತಿ, ಬೆಳಕು ನೇರ ಬೀಳಲಿ. ಕಪ್ಪು ಮಾಯವಾದರೆ ಅದು ಗುಳಿಯ ನೆರಳು. ಹಾಗೇ ಉಳಿದರೆ ಚರ್ಮದ ಬಣ್ಣ. ಆಮೇಲೆ ಚರ್ಮವನ್ನು ಪಕ್ಕಕ್ಕೆ ಮೆಲ್ಲಗೆ ಎಳೆದು ನೋಡಿ. ನೇರಳೆ ಬಣ್ಣ ಹೆಚ್ಚಾದರೆ ತೆಳು ಚರ್ಮದಡಿಯ ರಕ್ತನಾಳ, ಸ್ನಾಯು ಕಾಣುತ್ತಿದೆ ಅಂತ. ನಮ್ಮ ಕಡೆಯ ಮೈಬಣ್ಣದಲ್ಲಿ ಬಣ್ಣದ ಕಪ್ಪೇ ಜಾಸ್ತಿ, ಅಥವಾ ಎರಡೂ ಬೆರೆತಿರುತ್ತದೆ. ಫಿಲ್ಲರ್ ನೆರಳನ್ನು ಮಾತ್ರ ಕಡಿಮೆ ಮಾಡುತ್ತದೆ, ಬಣ್ಣವನ್ನು ತೆಗೆಯುವುದಿಲ್ಲ. ಸೂಜಿಯೋ ಕ್ಯಾನ್ಯುಲಾನೋ ಅಂತ ಚರ್ಚೆ ಮಾಡುವ ಮುಂಚೆ ಇದು ಗೊತ್ತಾಗಬೇಕು. ನನ್ನ ಹತ್ತಿರ "ಫಿಲ್ಲರ್ ಹಾಕಿ" ಅಂತ ಬರುವವರಲ್ಲಿ ಎಷ್ಟೋ ಜನರನ್ನು ಹಾಕದೆಯೇ ಕಳಿಸುತ್ತೇನೆ. ಅವರಿಗೆ ನಿರಾಸೆಯಾಗುತ್ತದೆ, ಗೊತ್ತು. ಆದರೂ ಕಳಿಸುತ್ತೇನೆ.

ಪ್ಲಾಸ್ಟಿಕ್‌ಸರ್ಜನ್_ಹುಬ್ಬಳ್ಳಿ:

ಮೇಡಂ ಹೇಳಿದ್ದರಲ್ಲಿ ಹೆಚ್ಚಿನದನ್ನು ಒಪ್ಪುತ್ತೇನೆ. ಆದರೆ ಸೂಜಿಯ ಪರವಾಗಿಯೂ ಒಬ್ಬರು ಮಾತಾಡಬೇಕು, ಯಾಕೆಂದರೆ ನಾನು ಈಗಲೂ ಅದನ್ನೇ ಹೆಚ್ಚು ಬಳಸುತ್ತೇನೆ.

ಸೂಜಿಯ ತುದಿ ಮೂಳೆಗೆ ತಾಗಿದ್ದು ಬೆರಳಿಗೆ ಗೊತ್ತಾಗುತ್ತದೆ. ಅಲ್ಲಿ ನಿಲ್ಲಿಸಿ, ಪಿಸ್ಟನ್ ಹಿಂದಕ್ಕೆಳೆದು ಕಾದು ನೋಡಿ, 0.05 ಎಂಎಲ್‌ನಷ್ಟು ಹನಿ ಇಟ್ಟು ಹೊರಬರುತ್ತೇನೆ. ಒಂದು ಕಡೆಗೆ ಮೂರು, ಹೆಚ್ಚೆಂದರೆ ನಾಲ್ಕು ಜಾಗ. ಇಲ್ಲೇ ಇಡಬೇಕು ಅಂದರೆ ಇಲ್ಲೇ ಇಡಬಹುದು. ಕ್ಯಾನ್ಯುಲಾ ಬಾಗುತ್ತದೆ. ಹೊಸ ಕೈಯವರು ಹಾಕಿದಾಗ ಅದು ಸ್ನಾಯುವಿನ ಕೆಳಗೆ ಹೋಗುವ ಬದಲು ಸ್ನಾಯುವಿನ ಒಳಗೋ ಮೇಲೋ ಜಾರಿ ಹೋಗಿರುತ್ತದೆ. ಅವರಿಗೆ ಗೊತ್ತೇ ಆಗುವುದಿಲ್ಲ. ಆಮೇಲೆ ಜೆಲ್ ಉದ್ದಕ್ಕೆ ಹುಳುವಿನ ಹಾಗೆ ಎದ್ದು ಕಾಣುತ್ತದೆ. ಲಿಗಮೆಂಟ್ ಗಟ್ಟಿ ಇದ್ದವರಲ್ಲಿ ಒಳಮೂಲೆಗೆ ಕ್ಯಾನ್ಯುಲಾ ತಲುಪುವುದೂ ಕಷ್ಟ. ಜೋರು ಮಾಡಿ ತಳ್ಳಿದರೆ ಮೊಂಡು ತುದಿಯೂ ನಾಳವನ್ನು ತೂತು ಮಾಡುತ್ತದೆ.

ಇನ್ನೊಂದು ಮಾತು. "ಕ್ಯಾನ್ಯುಲಾ ಅಂದರೆ ಸೇಫ್" ಅಂತ 27ನೇ ಗೇಜಿನದು ಹಿಡಿದು ಧೈರ್ಯವಾಗಿ ಓಡಾಡಿಸುವವರಿದ್ದಾರೆ. ಶವಗಳ ಅಪಧಮನಿ ತೂತಾಗಲು ಎಷ್ಟು ಒತ್ತಡ ಬೇಕು ಅಂತ ಅಳೆದ ಅಧ್ಯಯನ ಇದೆ. ದಪ್ಪ ಕ್ಯಾನ್ಯುಲಾಕ್ಕೆ ಸೂಜಿಗಿಂತ ಜಾಸ್ತಿ ಒತ್ತಡ ಬೇಕಾಯಿತು. 27ಕ್ಕೆ ಬಂದಾಗ ಸೂಜಿಗೂ ಅದಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಉಳಿಯಲಿಲ್ಲ.

ಚರ್ಮವೈದ್ಯೆ_ಮೈಸೂರು:

ಸರ್, 27ರ ಮಾತು ನೂರಕ್ಕೆ ನೂರು ಸರಿ. ಅದಕ್ಕೇ ನಾನು 25 ಅಂತ ಬರೆದದ್ದು. ಆದರೆ ಸೂಜಿಯಲ್ಲಿ "ಇಲ್ಲೇ ಇಟ್ಟೆ" ಅನ್ನುವ ನಂಬಿಕೆಯ ಬಗ್ಗೆ ಒಂದು ಮಾತು. ಮೂಳೆಯ ಮೇಲೆ ಇಟ್ಟ ಜೆಲ್ ಸೂಜಿ ಹೋದ ದಾರಿಯಲ್ಲೇ ಮೇಲಕ್ಕೆ ಏರಿ ಬರುತ್ತದೆ, ಸ್ನಾಯುವಿಗೂ ಚರ್ಮದಡಿಗೂ. ಶವಗಳ ಮೇಲೆ ಬಣ್ಣ ಹಾಕಿ ನೋಡಿದಾಗ ಇದು ಕಂಡಿದೆ. ಕ್ಯಾನ್ಯುಲಾದಲ್ಲಿ ಹಾಕಿದ್ದು ಹೆಚ್ಚಾಗಿ ಹಾಕಿದ ಪದರದಲ್ಲೇ ಉಳಿದಿತ್ತು. ನೀಲಿಗೆರೆಯವರ ಡಾಕ್ಟರೂ ಮೂಳೆಯ ಮೇಲೇ ಇಟ್ಟಿರಬಹುದು, ಯಾರಿಗೆ ಗೊತ್ತು? ಆರೇಳು ಚುಚ್ಚು, ಅಷ್ಟೊಂದು ಜೆಲ್. ಆರೇಳು ದಾರಿಗಳಲ್ಲೂ ಅದು ಮೇಲೆ ಬಂದಿರುತ್ತದೆ.

ಪಿಸ್ಟನ್ ಹಿಂದಕ್ಕೆಳೆದು ನೋಡುವುದರ ಬಗ್ಗೆಯೂ ಜನರಿಗೆ ತಿಳಿದಿರಲಿ. ರಕ್ತ ಬಂದರೆ ನಾಳದಲ್ಲಿದ್ದೇವೆ ಅಂತ ಖಚಿತ. ಬರದಿದ್ದರೆ ನಾಳದಲ್ಲಿ ಇಲ್ಲ ಅಂತ ಖಚಿತ ಅಲ್ಲ. ಸೂಜಿಯೊಳಗೆ ಜೆಲ್ ತುಂಬಿಕೊಂಡಿರುತ್ತದೆ, ತುದಿ ಕೂದಲೆಳೆಯಷ್ಟು ಅಲುಗಿದರೂ ಲೆಕ್ಕ ತಪ್ಪುತ್ತದೆ.

2021ರಲ್ಲಿ ಅಮೆರಿಕದ ಜಾಮಾ ಡರ್ಮಟಾಲಜಿ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ 370 ಚರ್ಮವೈದ್ಯರ ಅನುಭವ ಕೂಡಿಸಿದ ಲೆಕ್ಕ ಬಂತು. ನಾಳ ಕಟ್ಟಿಕೊಂಡದ್ದು ಸೂಜಿಯಲ್ಲಿ 6,410 ಸಿರಿಂಜಿಗೆ ಒಂದು, ಕ್ಯಾನ್ಯುಲಾದಲ್ಲಿ 40,882ಕ್ಕೆ ಒಂದು. ಇದು ಇಡೀ ಮುಖದ ಲೆಕ್ಕ, ಕಣ್ಣಡಿಯದು ಮಾತ್ರ ಅಲ್ಲ. ವೈದ್ಯರು ತಾವೇ ನೆನಪು ಮಾಡಿ ಹೇಳಿದ್ದು. ಆದರೂ ಎರಡರ ನಡುವಿನ ಅಂತರ ದೊಡ್ಡದು.

ಪ್ಲಾಸ್ಟಿಕ್‌ಸರ್ಜನ್_ಹುಬ್ಬಳ್ಳಿ:

ಜೆಲ್ ಮೇಲೆ ಏರುವುದು ನಿಜ. ಅದಕ್ಕೇ ಹನಿ ಚಿಕ್ಕದಿರಬೇಕು, ಸೂಜಿ ತೆಗೆಯುವ ಮುಂಚೆ ಒಂದೆರಡು ಕ್ಷಣ ನಿಲ್ಲಬೇಕು. ಒಳಮೂಲೆಯ ಕೊನೆಯ ಕೆಲವು ಮಿಲಿಮೀಟರ್ ಮಾತ್ರ ನಾನು ಈಗೀಗ ಸೂಜಿಯಲ್ಲಿ ಮುಟ್ಟುವುದನ್ನು ಬಿಟ್ಟಿದ್ದೇನೆ. ಮೊದಲು ಮುಟ್ಟುತ್ತಿದ್ದೆ. ಗುಳಿ ಸ್ವಲ್ಪ ಉಳಿದರೂ ಚಿಂತೆಯಿಲ್ಲ. ಕೆನ್ನೆ ಚಪ್ಪಟೆ ಇರುವವರಿಗೆ ಮೊದಲು ಕೆನ್ನೆಗೆ ಆಳದಲ್ಲಿ ಆಸರೆ ಕೊಟ್ಟರೆ ಗುಳಿ ತಾನಾಗಿ ಅರ್ಧ ಕಡಿಮೆಯಾಗುತ್ತದೆ. ಕಣ್ಣಡಿಗೆ ಹಾಕುವುದು ಅಷ್ಟು ಕಡಿಮೆ ಸಾಕಾಗುತ್ತದೆ.

ಕರಾವಳಿ_ನರ್ಸ್:

ನಾನು ಮಂಗಳೂರಿನವಳು, ಒಂಬತ್ತು ವರ್ಷದಿಂದ ಪ್ರೊಸೀಜರ್ ರೂಮಿನಲ್ಲಿ ಕೆಲಸ. ಇಂಜೆಕ್ಷನ್ ಕೊಡುವುದು ನನ್ನ ಕೆಲಸ ಅಲ್ಲ, ಟ್ರೇ ಸಿದ್ಧ ಮಾಡುವುದು ನನ್ನ ಕೆಲಸ. ಬೆಣ್ಣೆದೋಸೆ ಅಕ್ಕಾ, ನೀವು ಟ್ರೇ ನೋಡಿ.

ಹೈಲುರಾನಿಡೇಸ್ ಇದೆಯಾ ಅಂತ ಕೇಳಿ. ಈ ಜೆಲ್ ಕರಗಿಸುವ ಔಷಧಿ ಅದೇ, ನಮ್ಮಲ್ಲಿ 1500 ಯೂನಿಟ್ಟಿನ ವೈಯಲ್ ಬರುತ್ತದೆ. ಅಲ್ಲೇ ಇರಬೇಕು, ಅವಧಿ ಮುಗಿದಿರಬಾರದು, ಒಂದೇ ಒಂದು ಇದ್ದರೆ ಸಾಲದು. ನಾಳ ಕಟ್ಟಿಕೊಂಡರೆ ಒಂದರ ಮೇಲೊಂದು ಬೇಕಾಗುತ್ತದೆ. "ಬೇಕಾದರೆ ತರಿಸುತ್ತೇವೆ" ಅಂದರೆ ಅಲ್ಲಿಂದ ಎದ್ದು ಬನ್ನಿ. ಹೈಲುರಾನಿಕ್ ಅಲ್ಲದ ಫಿಲ್ಲರುಗಳೂ ಇವೆ, ಅವನ್ನು ಈ ಔಷಧಿ ಕರಗಿಸುವುದಿಲ್ಲ. ಕಣ್ಣಡಿಗೆ ಅವು ಬೇಡ.

ಸಿರಿಂಜಿನ ಡಬ್ಬಿ ನಿಮ್ಮ ಎದುರೇ ಒಡೆಯಬೇಕು. ಅದರ ಮೇಲಿನ ಬ್ಯಾಚ್ ನಂಬರಿನ ಸ್ಟಿಕ್ಕರ್ ನಿಮ್ಮ ಫೈಲಿಗೂ ಅಂಟಬೇಕು, ನಿಮ್ಮ ಕೈಗೂ ಒಂದು ಬರಬೇಕು. ಬೇರೆಯವರಿಗೆ ಹಾಕಿ ಉಳಿದದ್ದನ್ನು ನಿಮಗೆ ಹಾಕಲು ಬಿಡಬೇಡಿ.

ಮತ್ತೆ, ಗುರುತು ಹಾಕುವಾಗ ನಿಮ್ಮನ್ನು ಕೂರಿಸಿಯೇ ಹಾಕಬೇಕು. ಮಲಗಿದರೆ ಗುಳಿ ಅರ್ಧ ಮಾಯವಾಗುತ್ತದೆ. ನಮ್ಮ ಡಾಕ್ಟರು ಬಿಳಿ ಪೆನ್ಸಿಲಿನಲ್ಲಿ ಗೆರೆ ಹಾಕುತ್ತಾರೆ. ಆಮೇಲೆ ರೋಗಿಗೆ ಮೇಲೆ ನೋಡು, ಕೆಳಗೆ ನೋಡು, ನಗು ಅನ್ನುತ್ತಾರೆ. ನಗುವಾಗ ಗೆರೆ ಎಲ್ಲಿಗೆ ಸರಿಯುತ್ತದೆ ಅಂತ ನೋಡುತ್ತಾರೆ. ಹಾಕುವಾಗ ಎಡಗೈಯ ಬೆರಳು ಮೂಳೆಯ ಅಂಚಿನ ಮೇಲೆ ಇಟ್ಟಿರುತ್ತಾರೆ, ಸೂಜಿ ಕಣ್ಣಿನ ಗೂಡಿನ ಕಡೆ ಜಾರದ ಹಾಗೆ. ಆ ಬೆರಳನ್ನು ಒಂದು ಸಲವೂ ಎತ್ತುವುದಿಲ್ಲ. ಇದನ್ನೆಲ್ಲ ಅಷ್ಟು ವರ್ಷ ಪಕ್ಕದಲ್ಲಿ ನಿಂತು ನೋಡಿದ ಮೇಲೆ ನನಗೆ ಯಾವ ಕೈ ನಂಬಬಹುದು ಅಂತ ಬೇಗ ಗೊತ್ತಾಗುತ್ತದೆ.

ಕಣ್ಣಿನವೈದ್ಯ_ಹಾಸನ:

ದೃಷ್ಟಿಯ ಮಾತು ಯಾರೂ ಬಿಡಿಸಿ ಹೇಳಲಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಹೆದರಿಸುವುದಕ್ಕಲ್ಲ.

ಮುಖದ ಮೇಲಿನ ಸಣ್ಣ ನಾಳಗಳು ಕಣ್ಣಿಗೆ ರಕ್ತ ಕೊಡುವ ಆಫ್ತಾಲ್ಮಿಕ್ ಅಪಧಮನಿಯ ಜೊತೆ ಸೇರಿಕೊಂಡಿವೆ. ಸೂಜಿ ನಾಳದೊಳಗೆ ಹೋಗಿ, ಪಿಸ್ಟನ್ ಒತ್ತಿದ ರಭಸ ರಕ್ತದ ಒತ್ತಡಕ್ಕಿಂತ ಹೆಚ್ಚಾದರೆ ಜೆಲ್ ಹಿಂದಕ್ಕೆ ಹರಿಯುತ್ತದೆ. ಒತ್ತುವುದು ನಿಲ್ಲಿಸಿದ ತಕ್ಷಣ ರಕ್ತ ಅದನ್ನು ಮುಂದಕ್ಕೆ ತಳ್ಳಿ ರೆಟಿನಾದ ನಾಳಕ್ಕೆ ಕೂರಿಸಿಬಿಡುತ್ತದೆ. 2015ರಲ್ಲಿ ಪ್ರಪಂಚದ ವೈದ್ಯಕೀಯ ಬರಹಗಳಿಂದ ಇಂಥ 98 ಪ್ರಕರಣಗಳನ್ನು ಒಟ್ಟು ಮಾಡಿದ್ದರು. ಹುಬ್ಬಿನ ನಡುವೆ ಮತ್ತು ಮೂಗಿಗೆ ಹಾಕಿದಾಗ ಆದದ್ದೇ ಹೆಚ್ಚು. ಅದರಲ್ಲೂ ಮೈಯ ಬೇರೆ ಕಡೆಯ ಸ್ವಂತ ಕೊಬ್ಬನ್ನೇ ಮುಖಕ್ಕೆ ತುಂಬಿದ್ದು ಜಾಸ್ತಿ. ಕಣ್ಣಡಿ ಆ ಪಟ್ಟಿಯ ಮೇಲ್ತುದಿಯಲ್ಲಿ ಇಲ್ಲ. ಆದರೆ ಪಟ್ಟಿಯಿಂದ ಹೊರಗೂ ಇಲ್ಲ.

ಅಪರೂಪ ಹೌದು. ಆದರೆ ಹಾಗೇನಾದರೂ ಆಗಿಬಿಟ್ಟರೆ, ರೆಟಿನಾ ಗಂಟೆಗಟ್ಟಲೆ ಕಾಯುವುದಿಲ್ಲ. ನಿಮಿಷಗಳ ಲೆಕ್ಕ. ಹೋದ ದೃಷ್ಟಿ ಹೆಚ್ಚಿನವರಿಗೆ ಪೂರ್ತಿ ವಾಪಸ್ ಬಂದಿಲ್ಲ. ಹಾಗಾಗಿ ನನ್ನ ದೃಷ್ಟಿಯಲ್ಲಿ ಸೂಜಿ, ಕ್ಯಾನ್ಯುಲಾ ಎರಡಕ್ಕಿಂತ ದೊಡ್ಡ ವಿಷಯ ಒತ್ತುವ ಹೆಬ್ಬೆರಳು. ನಿಧಾನವಾಗಿ, ಕಡಿಮೆ ಒತ್ತಡದಲ್ಲಿ, ಚಿಕ್ಕ ಚಿಕ್ಕ ಪ್ರಮಾಣದಲ್ಲಿ ಹಾಕುವ ಕೈ ಬೇಕು.

ಹಾಕುವಾಗ ಕಣ್ಣು ಮಬ್ಬಾದರೆ, ಕಣ್ಣಿನ ಹಿಂದೆ ಜೋರು ನೋವು ಬಂದರೆ, ರೆಪ್ಪೆ ಇಳಿದರೆ, ವಾಂತಿ ಬಂದ ಹಾಗಾದರೆ ತಕ್ಷಣ ಬಾಯಿಬಿಟ್ಟು ಹೇಳಿ. ಮುಜುಗರ ಬೇಡ. ಚರ್ಮ ಸುಣ್ಣದ ಹಾಗೆ ಬಿಳಿಚಿದರೆ, ಬಲೆ ಹೆಣೆದ ಹಾಗೆ ನೇರಳೆ ಗೆರೆ ಮೂಡಿದರೆ ಅದೂ ಅಪಾಯದ ಗುರುತು. ಮನೆಗೆ ಹೋದ ಮೇಲೆ ಕಂಡರೆ ರಾತ್ರಿ ಹನ್ನೊಂದಾಗಿದ್ದರೂ ಫೋನ್ ಮಾಡಿ. ಹಾಗೆ ಮಾಡಬಹುದಾದ ನಂಬರ್ ಕೊಡದ ಡಾಕ್ಟರ ಹತ್ತಿರ ಹೋಗಲೇಬೇಡಿ.

ಮ್ಯಾಂಚೆಸ್ಟರ್_ಕನ್ನಡತಿ:

ಇಲ್ಲಿಯ ವಿಷಯ ಕೇಳಿದರೆ ನಿಮಗೆ ಆಶ್ಚರ್ಯ ಆಗುತ್ತದೆ. ಬ್ರಿಟನ್‌ನಲ್ಲಿ ಈ ಫಿಲ್ಲರುಗಳಿಗೆ ವೈದ್ಯರ ಚೀಟಿ ಬೇಕಿಲ್ಲ. ಬ್ಯೂಟಿಷಿಯನ್‌ಗಳೂ ಹಾಕುತ್ತಾರೆ. 18 ವರ್ಷದ ಒಳಗಿನವರಿಗೆ ಅಂದಕ್ಕಾಗಿ ಹಾಕಬಾರದು ಅಂತ ಇಂಗ್ಲೆಂಡಿನಲ್ಲಿ ಕಾನೂನು ಜಾರಿಯಾದದ್ದೇ 2021ರ ಅಕ್ಟೋಬರಿನಲ್ಲಿ. ನನ್ನ ಜೊತೆ ಕೆಲಸ ಮಾಡುವವಳು ಸಲೂನಿನಲ್ಲಿ ಕೂದಲು ಕತ್ತರಿಸಿಕೊಂಡು, ಅದೇ ಕುರ್ಚಿಯಲ್ಲಿ ಕಣ್ಣಡಿಗೆ ಹಾಕಿಸಿಕೊಂಡು ಬಂದಳು. ಕರಗಿಸುವ ಹೈಲುರಾನಿಡೇಸ್ ಮಾತ್ರ ಇಲ್ಲಿ ಚೀಟಿಯ ಮೇಲೆ ಸಿಗುವ ಔಷಧಿ. ಅಂದರೆ ಹಾಕುವವರ ಹತ್ತಿರ ತೆಗೆಯುವ ಔಷಧಿಯೇ ಇರದಿರಬಹುದು!

ನನಗೂ ಗುಳಿ ಇದೆ. ಊರಿಗೆ ಬಂದಾಗ ಬೆಂಗಳೂರಿನಲ್ಲಿ ತೋರಿಸಿದೆ. ಡಾಕ್ಟರು, "ನೀವು ಹತ್ತು ದಿನದಲ್ಲಿ ವಿಮಾನ ಹತ್ತುತ್ತೀರಿ, ಆಮೇಲೆ ಏನಾದರೂ ಆದರೆ ನೋಡುವವರು ಯಾರು?" ಅಂದು ಹಾಕಲಿಲ್ಲ. ಆಗ ಸಿಟ್ಟು ಬಂದಿತ್ತು. ಈಗ ಅವರ ಮೇಲೆ ಗೌರವ ಇದೆ. ಎನ್‌ಆರ್‌ಐಗಳು ರಜೆಗೆ ಬಂದು ಅವಸರದಲ್ಲಿ ಮಾಡಿಸಿಕೊಳ್ಳುವುದು ತುಂಬ ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ.

ಧಾರವಾಡ_ಪೇಢಾ:

ಸೂಜಿಯೇ ಇಲ್ಲದ ಪೆನ್ ಒಂದು ಬಂದಿದೆಯಂತೆ, ಮನೆಯಲ್ಲೇ ಹಾಕಿಕೊಳ್ಳಬಹುದಂತೆ. ಅದು?

ಚರ್ಮವೈದ್ಯೆ_ಮೈಸೂರು:

ಬೇಡವೇ ಬೇಡ. ಅದು ಗಾಳಿಯ ಒತ್ತಡದಲ್ಲಿ ಜೆಲ್ಲನ್ನು ಚರ್ಮದೊಳಗೆ ನುಗ್ಗಿಸುತ್ತದೆ. ಎಷ್ಟು ಆಳ, ಎಲ್ಲಿ ಅನ್ನುವುದು ಯಾರ ಕೈಯಲ್ಲೂ ಇಲ್ಲ. 2021ರ ಅಕ್ಟೋಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದನ್ನು ಬಳಸಬೇಡಿ ಅಂತ ಎಚ್ಚರಿಕೆ ಕೊಟ್ಟಿದೆ. ಅಂದ ಹಾಗೆ ಅದೇ ಎಫ್‌ಡಿಎ ಕಣ್ಣಡಿಯ ಗುಳಿಗೆ ಅಂತಲೇ ವೊಲ್ಬೆಲ್ಲಾ ಜೆಲ್ಲಿಗೆ ಒಪ್ಪಿಗೆ ಕೊಟ್ಟದ್ದು 2022ರಲ್ಲಿ, ರೆಸ್ಟಿಲೇನ್ ಐಲೈಟಿಗೆ 2023ರಲ್ಲಿ. ಅದಕ್ಕೂ ಮುಂಚೆ ವರ್ಷಗಟ್ಟಲೆ ನಾವೆಲ್ಲ ಬೇರೆ ಜಾಗಕ್ಕೆ ಒಪ್ಪಿಗೆ ಸಿಕ್ಕ ಜೆಲ್ಲುಗಳನ್ನೇ ಇಲ್ಲಿ ಬಳಸುತ್ತಿದ್ದೆವು. ಜೆಲ್ಲಿನ ಹೆಸರು ಕೇಳಿಕೊಳ್ಳಿ. ಕೆನ್ನೆಗೆ ಅಂತ ಇರುವ ಗಟ್ಟಿ ಜೆಲ್ ಇಲ್ಲಿಗೆ ಆಗುವುದಿಲ್ಲ. ಮೆತ್ತಗಿರುವ, ಕಡಿಮೆ ನೀರು ಹೀರುವುದು ಬೇಕು.

ಬೆಣ್ಣೆದೋಸೆ_ದಾವಣಗೆರೆ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಮೂರು ವಾರ ಏನೂ ಬರೆಯಲಿಲ್ಲ, ಕ್ಷಮಿಸಿ. ನೀವು ಹೇಳಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋದೆ.

ಮೊದಲು ಸೂಜಿಯವರ ಹತ್ತಿರ ವಾಪಸ್ ಹೋಗಿ ಹೈಲುರಾನಿಡೇಸ್ ಕೇಳಿದೆ. "ಅದೆಲ್ಲ ಯಾಕೆ, ನಮ್ಮಲ್ಲಿ ಯಾವತ್ತೂ ಏನೂ ಆಗಿಲ್ಲ" ಅಂದರು. ಕ್ಯಾನ್ಯುಲಾದವರು ವೈಯಲ್ ತೋರಿಸಿದರು. ಆದರೆ ಡಾಕ್ಟರು ಯಾರು ಅಂತ ಕೇಳಿದ್ದಕ್ಕೆ "ಆ ದಿನ ಯಾರು ಬರುತ್ತಾರೋ ಅವರು" ಅಂದರು. ಎರಡೂ ಬಿಟ್ಟೆ. ಬೆಂಗಳೂರಿನಲ್ಲಿ ಒಬ್ಬ ಚರ್ಮವೈದ್ಯರನ್ನು ನಮ್ಮ ಊರಿನ ಡಾಕ್ಟರೇ ಹೇಳಿದರು, ಅಲ್ಲಿಗೆ ಹೋದೆ.

ಅವರು ಮೊದಲ ದಿನ ಏನೂ ಹಾಕಲಿಲ್ಲ. ಲೈಟ್ ಆರಿಸಿ, ಟಾರ್ಚನ್ನು ಮೇಲಿನಿಂದ, ಎದುರಿನಿಂದ, ಕೆಳಗಿನಿಂದ ಹಿಡಿದು ನೋಡಿದರು. ನನ್ನ ಕೈಗೆ ಕನ್ನಡಿ ಕೊಟ್ಟು, "ನೋಡಿ, ಇಷ್ಟು ಹೋಗುತ್ತಿದೆ, ಇಷ್ಟು ಉಳಿಯುತ್ತಿದೆ" ಅಂದರು. ಉಳಿದದ್ದು ಬಣ್ಣ. ಮೈಸೂರಿನ ಮೇಡಂ ಹೇಳಿದ್ದು ಕಣ್ಣೆದುರೇ ಕಂಡಿತು. "ಅರ್ಧ ಕೆಲಸ ನನ್ನದು, ಇನ್ನರ್ಧ ಕ್ರೀಮು ಮತ್ತು ಸನ್‌ಸ್ಕ್ರೀನಿನದು. ಒಪ್ಪಿಗೆಯಾದರೆ ಬನ್ನಿ" ಅಂದರು. ಎಡಗಡೆ ಗುಳಿ ಬಲಗಡೆಗಿಂತ ಆಳ ಅಂತ ನನಗೇ ಗೊತ್ತಿರಲಿಲ್ಲ, 36 ವರ್ಷ ಕನ್ನಡಿ ನೋಡಿಯೂ!

ಕಳೆದ ಶುಕ್ರವಾರ ಹಾಕಿಸಿಕೊಂಡೆ. 25ನೇ ಗೇಜ್ ಕ್ಯಾನ್ಯುಲಾ. ಮುಂಚೆ ಒಂದೊಂದು ಕಣ್ಣು ಮುಚ್ಚಿಸಿ ಗೋಡೆಯ ಮೇಲಿನ ಅಕ್ಷರ ಓದಿಸಿದರು. ಕೂರಿಸಿ ಗುರುತು ಹಾಕಿದರು. ಕೆನ್ನೆಯಲ್ಲಿ ತೂತು ಮಾಡಿದಾಗ ಇರುವೆ ಕಚ್ಚಿದಷ್ಟು ನೋವು. ಆಮೇಲೆ ನೋವಿಲ್ಲ, ಆದರೆ ಒಳಗೆ ಏನೋ ಸರಿಯುತ್ತಿರುವುದು ಗೊತ್ತಾಗುತ್ತಿತ್ತು. ಹಸಿ ಎಲೆಕೋಸು ಹೆಚ್ಚಿದ ಹಾಗೆ ಕರಕರ ಅಂತ ಸದ್ದು, ಹೊರಗಿನಿಂದಲ್ಲ, ತಲೆಯ ಒಳಗಿನಿಂದ ಕೇಳಿದ ಹಾಗೆ. ಅದಕ್ಕೆ ಗಾಬರಿಯಾಗಿ ಕಾಲು ಗಟ್ಟಿಮಾಡಿಕೊಂಡೆ. ಅವರು ಅಲ್ಲೇ ನಿಲ್ಲಿಸಿ, "ಕಣ್ಣು ಸರಿಯಾಗಿ ಕಾಣುತ್ತಿದೆಯಾ? ನನ್ನ ಬೆರಳು ಎಷ್ಟು?" ಅಂತ ಕೇಳಿದರು. ನರ್ಸ್ ಅಕ್ಕ ಹೇಳಿದ ಹಾಗೆ ಎಡಗೈ ಬೆರಳು ಮೂಳೆಯ ಮೇಲೆ ಕೊನೆಯವರೆಗೂ ಇತ್ತು. ಅದನ್ನೇ ಗಮನಿಸುತ್ತಿದ್ದೆ.

ಎಡಕ್ಕೆ 0.3, ಬಲಕ್ಕೆ 0.2 ಎಂಎಲ್. ಒಳಮೂಲೆಯ ಹತ್ತಿರ ಸ್ವಲ್ಪ ಗುಳಿ ಉಳಿಸಿದರು. ಕೇಳಿದ್ದಕ್ಕೆ, "ಅಲ್ಲಿ ನಾಳ ಇದೆ, ಅಷ್ಟಕ್ಕಾಗಿ ನಾನು ಆ ಕಡೆ ಹೋಗುವುದಿಲ್ಲ" ಅಂದರು. ಉಳಿದ ಸಿರಿಂಜನ್ನು ನನ್ನೆದುರೇ ಬಿಸಾಡಿದರು. ಆ ದುಡ್ಡು ಹೋಯಿತಲ್ಲ ಅಂತ ಒಂದು ಕ್ಷಣವೂ ಅನಿಸಲಿಲ್ಲ.

ಇವತ್ತು ಐದನೇ ದಿನ. ಕೆನ್ನೆಯ ತೂತಿನ ಹತ್ತಿರ ಹೆಸರುಕಾಳಿನಷ್ಟು ಹಸಿರು ಕಲೆ ಇದೆ, ಬೇರೆ ಕಡೆ ಕಂದಿಲ್ಲ. ಆದರೆ ಬೆಳಗ್ಗೆ ಎದ್ದಾಗ ಎಡಗಡೆ ಸ್ವಲ್ಪ ಉಬ್ಬಿರುತ್ತದೆ. ನಾನು ಎಡಮಗ್ಗುಲಿಗೇ ಮಲಗುವುದು. ಅದಕ್ಕಾ ಇದು? ಅವರಿಗೂ ಫೋಟೋ ಕಳಿಸಿದ್ದೇನೆ, ಉತ್ತರಕ್ಕೆ ಕಾಯುತ್ತಿದ್ದೇನೆ.

ನೀಲಿಗೆರೆ:

ಅಕ್ಕಾ, ಓದಿ ತುಂಬ ಖುಷಿಯಾಯಿತು. ನನಗೂ ಟಾರ್ಚ್ ಹಿಡಿದು ಯಾರಾದರೂ ಮೊದಲೇ ತೋರಿಸಿದ್ದರೆ ಅನಿಸಿತು. ನಿನ್ನೆ ಕಿಟಕಿಯ ಹತ್ತಿರ ಕೂತು ನೋಡಿಕೊಂಡೆ. ನನ್ನದು ಮುಕ್ಕಾಲು ಪಾಲು ಬಣ್ಣವೇ.

ಚರ್ಮವೈದ್ಯೆ_ಮೈಸೂರು:

ಬೆಣ್ಣೆದೋಸೆಯವರೇ, ನೋವಿಲ್ಲ, ಕೆಂಪಿಲ್ಲ, ಬಿಸಿಯಿಲ್ಲ, ಕಣ್ಣು ಸರಿಯಾಗಿ ಕಾಣುತ್ತಿದೆ ಅಂದರೆ ಐದನೇ ದಿನಕ್ಕೆ ಬೆಳಗಿನ ಇಷ್ಟು ಉಬ್ಬು ಸಾಮಾನ್ಯ. ಒಂದು ದಿಂಬು ಜಾಸ್ತಿ ಹಾಕಿಕೊಂಡು ಬೆನ್ನ ಮೇಲೆ ಮಲಗಿ ನೋಡಿ. ರಾತ್ರಿ ಉಪ್ಪಿನಕಾಯಿ, ಹಪ್ಪಳ ಬಿಡಿ. ತಿಕ್ಕಬೇಡಿ, ಒತ್ತಿ ನೋಡಬೇಡಿ, ಫೇಶಿಯಲ್ ಬೇಡ. ಎರಡು ವಾರಕ್ಕೆ ಅವರು ಕರೆದ ದಿನ ತಪ್ಪದೆ ಹೋಗಿ. ಆಗಲೂ ಉಬ್ಬು ಉಳಿದಿದ್ದರೆ ಎಡಗಡೆ ಇನ್ನಷ್ಟು ಹಾಕಿಸಿಕೊಳ್ಳಬೇಡಿ, ಅದು ಇಳಿಯುವವರೆಗೆ ಕಾಯಿರಿ.

ನೀಲಿಗೆರೆಯವರೇ, ನಿಮ್ಮ ಫೋಟೋ ಇಲ್ಲಿ ಹಾಕಬೇಡಿ. ಹತ್ತಿರದ ಚರ್ಮವೈದ್ಯರಿಗೆ ತೋರಿಸಿ, ಬಣ್ಣಕ್ಕೆ ಚಿಕಿತ್ಸೆ ಬೇರೆ ಇದೆ.